ಸಿ ಭಾಷೆಯಲ್ಲಿ ಕೀಲಿಮಣೆಯ ಅಕ್ಷರ ಸ್ವೀಕಾರ: ಐದು ಊರಹೆಸರುಗಳ ನಿದರ್ಶನ

ಕನ್ನಡ ಅಧ್ಯಯನದಲ್ಲಿ ಗಣಕಯಂತ್ರದ ಬಳಕೆ ಇಂದು ಹೊಸತಲ್ಲ. ಗ್ರಂಥಸಂಪಾದನೆ, ಪದಸೂಚಿ, ಛಂದೋವಿಶ್ಲೇಷಣೆ, ಸ್ಥಳನಾಮಗಳ ವರ್ಗೀಕರಣ ಮೊದಲಾದ ಕೆಲಸಗಳಿಗೆ ಅಧ್ಯಯನಕಾರರು ಗಣಕವನ್ನು ಅವಲಂಬಿಸಿದ್ದಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಈ ಅವಲಂಬನೆ ಸಿದ್ಧ ತಂತ್ರಾಂಶಗಳಿಗೆ ಸೀಮಿತವಾಗಿದೆ. ತಮಗೆ ಬೇಕಾದ ಚಿಕ್ಕ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ತಾವೇ ಬರೆದುಕೊಳ್ಳಲು ಅಥವಾ ಗಣಕವಿಜ್ಞಾನದ ವಿದ್ಯಾರ್ಥಿಗಳಿಂದ ಬರೆಸಿಕೊಳ್ಳಲು ಹೊರಟಾಗ ಎದುರಾಗುವ ಮೊದಲ ತೊಡಕು ಕೀಲಿಮಣೆಯಿಂದ ಬರುವ ಅಕ್ಷರವನ್ನು ಸರಿಯಾಗಿ ಸ್ವೀಕರಿಸುವುದು. ಪದವಿ ತರಗತಿಗಳಲ್ಲಿ ಪ್ರೋಗ್ರಾಮಿಂಗ್‌ನ ಪ್ರವೇಶಭಾಷೆಯಾಗಿ ಸಿ ಭಾಷೆಯನ್ನು ಬೋಧಿಸುವ ರೂಢಿ ವ್ಯಾಪಕವಾಗಿರುವುದರಿಂದ ಈ ತೊಡಕನ್ನು ಸಿ ಭಾಷೆಯ ನೆಲೆಯಿಂದಲೇ ಪರಿಶೀಲಿಸುವುದು ಉಚಿತ.

ಈ ಲೇಖನದಲ್ಲಿ ವಿವೇಚನೆಗೆ ಆಯ್ದುಕೊಂಡಿರುವ ಸಾಮಗ್ರಿ ಐದು ಊರಹೆಸರುಗಳು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಇವೆಲ್ಲವೂ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಮೈಲಾರದ ಕಾರಣಿಕದ ನುಡಿಗಳು, ಹರಪನಹಳ್ಳಿ ಭೀಮವ್ವನ ಕೀರ್ತನೆಗಳು, ಬಾಗಳಿಯ ಶಾಸನಗಳು, ಕೊಟ್ಟೂರೇಶ್ವರ ಪರಂಪರೆಯ ಹಾಡುಗಳು ಹೀಗೆ ಅಪಾರ ಅಧ್ಯಯನ ಸಾಮಗ್ರಿ ಈ ಸೀಮೆಯಲ್ಲಿದೆ. ಇದನ್ನು ಊರುವಾರು ಪಟ್ಟಿಮಾಡುವ ಯಾವುದೇ ಸಂಶೋಧಕರು ಮೊದಲು ಗಣಕಕ್ಕೆ ಊಡಿಸಬೇಕಾದುದು ಊರ ಹೆಸರನ್ನೇ. ಆಡಳಿತದ ಗಡಿಗಳೂ ಇಲ್ಲಿ ಬದಲಾಗುತ್ತ ಬಂದಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ಅದಕ್ಕೆ ಸೇರಿತು. ಅನಂತರ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. ಆದ್ದರಿಂದ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಯಂತ್ರಗಳಲ್ಲಿ ಸಿದ್ಧವಾದ ಪಟ್ಟಿಗಳನ್ನು ಒಂದುಗೂಡಿಸದೆ ಈ ಪ್ರದೇಶದ ಅಧ್ಯಯನ ಮುಂದುವರಿಯದು. ಹೆಸರೇ ತುಂಡಾಗಿ ದಾಖಲಾದರೆ ಅದಕ್ಕೆ ಸಂಬಂಧಿಸಿದ ಹಾಡು, ಶಾಸನ, ಐತಿಹ್ಯಗಳೆಲ್ಲ ಸೂಚಿಯಿಂದ ಕಳಚಿಹೋಗುತ್ತವೆ.

1. ಅಕ್ಷರವೆಂದರೆ ಯಾವುದು?

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದರು. ಅದರಲ್ಲಿ ಅಕ್ಷರವನ್ನು ಇರಿಸಿಕೊಳ್ಳುವ ದತ್ತಾಂಶ ಪ್ರಕಾರಕ್ಕೆ 'ಚಾರ್' ಎಂದು ಹೆಸರು. ಇಂಗ್ಲಿಷಿನ ಅಕ್ಷರಸೂಚಕ ಪದದ ಹ್ರಸ್ವರೂಪವಿದು. ಆದರೆ ವಸ್ತುತಃ ಚಾರ್ ಎಂಬುದು ಒಂದು ಬೈಟ್ ಗಾತ್ರದ ಸಂಖ್ಯೆ. ಇಂಗ್ಲಿಷಿನ ಸಾಮಾನ್ಯ ಅಕ್ಷರಗಳಿಗೆ 0ಯಿಂದ 127ರವರೆಗಿನ ಆಸ್ಕಿ ಸಂಕೇತಗಳು ಸಾಕಾಗುತ್ತಿದ್ದುದರಿಂದ ಅಲ್ಲಿ ಅಕ್ಷರವೂ ಬೈಟೂ ಒಂದೇ ಎಂಬ ಭಾವನೆ ನೆಲೆಗೊಂಡಿತು. ಪ್ರಾರಂಭಿಕ ಪಠ್ಯಪುಸ್ತಕಗಳು ಈ ಭಾವನೆಯನ್ನು ಹಾಗೆಯೇ ಮುಂದುವರಿಸಿದವು. ಕನ್ನಡದ ಮಟ್ಟಿಗೆ ಈ ಸಮೀಕರಣ ನಿಲ್ಲುವುದಿಲ್ಲ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ದಶಮಾನದಲ್ಲಿ ಹೇಳುವುದಾದರೆ 'ಕ' ವರ್ಣದ ಸ್ಥಾನ 3221. ಊಕಾರದ ಗುಣಿತಚಿಹ್ನೆ 3266. ಅರ್ಧಾಕ್ಷರವನ್ನು ಸೂಚಿಸುವ ವಿರಾಮಚಿಹ್ನೆ 3277. ಈ ಸಂಕೇತಗಳನ್ನು ಕಡತದಲ್ಲಿ ಉಳಿಸಲು ಇಂದು ಪ್ರಚುರವಾಗಿರುವ ವಿಧಾನ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8. ಇದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳಾಗಿ ವಿಭಜನೆಗೊಳ್ಳುತ್ತದೆ. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು 128ರಿಂದ 191ರ ನಡುವಿನ ಒಂದು ಸಂಖ್ಯೆ. ಉದಾಹರಣೆಗೆ 'ಕ' ಎಂದರೆ 224, 178, 149.

ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ವರ್ಣ ಬೇರೆ, ಬರಹದ ಅಕ್ಷರ ಬೇರೆ ಎಂಬ ವಿವೇಕ ಅಧ್ಯಾಪಕರಿಗೆ ಸುಪರಿಚಿತ. ಗಣಕವು ಇದಕ್ಕೆ ಇನ್ನೆರಡು ಘಟಕಗಳನ್ನು ಸೇರಿಸುತ್ತದೆ: ಸಂಕೇತ ಮತ್ತು ಬೈಟ್. ಐದು ಹೆಸರುಗಳನ್ನು ಈ ನಾಲ್ಕು ನೆಲೆಗಳಲ್ಲಿ ಎಣಿಸಿದಾಗ ದೊರೆಯುವ ಫಲಿತಾಂಶ ಹೀಗಿದೆ:

ಕೂಡ್ಲಿಗಿ: ಅಕ್ಷರ 3, ವರ್ಣ 7, ಸಂಕೇತ 8, ಬೈಟ್ 24.
ಕೊಟ್ಟೂರು: ಅಕ್ಷರ 3, ವರ್ಣ 7, ಸಂಕೇತ 8, ಬೈಟ್ 24.
ಹಗರಿಬೊಮ್ಮನಹಳ್ಳಿ: ಅಕ್ಷರ 8, ವರ್ಣ 18, ಸಂಕೇತ 15, ಬೈಟ್ 45.
ಹಡಗಲಿ: ಅಕ್ಷರ 4, ವರ್ಣ 8, ಸಂಕೇತ 5, ಬೈಟ್ 15.
ಹರಪನಹಳ್ಳಿ: ಅಕ್ಷರ 6, ವರ್ಣ 13, ಸಂಕೇತ 9, ಬೈಟ್ 27.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ವರ್ಣಸಂಖ್ಯೆ ಮತ್ತು ಸಂಕೇತಸಂಖ್ಯೆಗಳ ಸಂಬಂಧ. ಕೂಡ್ಲಿಗಿಯಲ್ಲಿ ವರ್ಣಕ್ಕಿಂತ ಸಂಕೇತ ಹೆಚ್ಚು. ಹಡಗಲಿಯಲ್ಲಿ ಸಂಕೇತಕ್ಕಿಂತ ವರ್ಣ ಹೆಚ್ಚು. ವ್ಯಂಜನದಲ್ಲಿ ಅಂತರ್ಗತವಾಗಿರುವ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವರ್ಣವೇ ಅಲ್ಲದ ವಿರಾಮಕ್ಕೆ ಸಂಕೇತವಿದೆ. ಆದ್ದರಿಂದ ಸಂಕೇತಗಳ ಸಂಖ್ಯೆಗೆ ಅಂತರ್ಗತ ಅಕಾರಗಳನ್ನು ಕೂಡಿಸಿ, ವಿರಾಮಗಳನ್ನು ಕಳೆದರೆ ಇಂತಹ ಹೆಸರುಗಳ ವರ್ಣಸಂಖ್ಯೆ ದೊರೆಯುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಸಂಕೇತ 15, ಅಂತರ್ಗತ ಅಕಾರ 5, ವಿರಾಮ 2, ವರ್ಣ 18. ಎರಡನೆಯದು, ಸಿ ಭಾಷೆಯಲ್ಲಿ ಪದದ ಉದ್ದವನ್ನು ತಿಳಿಸುವ 'ಸ್ಟ್ರ್‌ಲೆನ್' ಎಂಬ ಉತ್ಪನ್ನವಿಧಿ ಈ ನಾಲ್ಕರಲ್ಲಿ ಕೊನೆಯದನ್ನು ಮಾತ್ರ ಹೇಳುತ್ತದೆ. ಕೂಡ್ಲಿಗಿಯ ಉದ್ದ ಎಷ್ಟೆಂದು ಕೇಳಿದರೆ 24 ಎಂಬ ಉತ್ತರ ಬರುತ್ತದೆ. ಯಂತ್ರದ ದೃಷ್ಟಿಯಿಂದ ಅದು ತಪ್ಪಲ್ಲ. ಕೇಳಿದ ಪ್ರಶ್ನೆಯೇ ಬೈಟನ್ನು ಕುರಿತದ್ದು.

2. ಕೀಲಿಯಿಂದ ಕ್ರಮವಿಧಿಯವರೆಗೆ

ಕೀಲಿಯನ್ನು ಒತ್ತಿದ ಕ್ಷಣವೇ ಅಕ್ಷರ ಕ್ರಮವಿಧಿಗೆ ತಲಪುತ್ತದೆಂಬುದು ಪ್ರಾರಂಭಿಕರ ಸಾಮಾನ್ಯ ಕಲ್ಪನೆ. ವಾಸ್ತವವಾಗಿ ನಡುವೆ ಎರಡು ಹಂತಗಳಿವೆ. ಮೊದಲ ಹಂತ ಕೀಲಿಮಣೆ ವಿನ್ಯಾಸದ್ದು. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವಿರಲಿ, ಇನ್‌ಸ್ಕ್ರಿಪ್ಟ್ ಇರಲಿ, 'ಬರಹ' ತಂತ್ರಾಂಶದ ಲಿಪ್ಯಂತರ ಕ್ರಮವಿರಲಿ, ಒತ್ತಿದ ಕೀಲಿಗಳನ್ನು ಕನ್ನಡ ಸಂಕೇತಗಳಾಗಿ ಮಾರ್ಪಡಿಸುವ ಕೆಲಸ ಇಲ್ಲಿ ನಡೆಯುತ್ತದೆ. ಎರಡನೆಯ ಹಂತ ಕಾರ್ಯಾಚರಣ ವ್ಯವಸ್ಥೆಯದು. ಬಳಕೆದಾರರು ಎಂಟರ್ ಕೀಲಿ ಒತ್ತುವವರೆಗೂ ಅದು ಸಾಲನ್ನು ತನ್ನಲ್ಲಿಯೇ ಹಿಡಿದಿಟ್ಟು, ತಿದ್ದಲು ಅವಕಾಶವಿತ್ತು, ಆಮೇಲೆ ಕ್ರಮವಿಧಿಗೆ ಒಪ್ಪಿಸುತ್ತದೆ. ಹೀಗಾಗಿ ಪ್ರಮಾಣಬದ್ಧ ಸಿ ಭಾಷೆ ಕಾಣುವುದು ಕೀಲಿಗಳನ್ನಲ್ಲ, ಬೈಟ್‌ಗಳ ಪ್ರವಾಹವನ್ನು.

ಇದನ್ನು ಮರೆತಾಗ ಮಾಡುವ ಮೊದಲ ತಪ್ಪೆಂದರೆ 'ಗೆಟ್‌ಚ್' ಎಂಬ ಉತ್ಪನ್ನವಿಧಿಯ ಬಳಕೆ. 1987ರಲ್ಲಿ ಬೋರ್ಲೆಂಡ್ ಸಂಸ್ಥೆ ಹೊರತಂದ ಟರ್ಬೊ ಸಿ ದೀರ್ಘಕಾಲ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು. ಅದರ 'ಕೊನಿಯೊ' ಶೀರ್ಷಿಕೆ ಕಡತದಲ್ಲಿದ್ದ ಗೆಟ್‌ಚ್ ಎಂಟರ್‌ಗೆ ಕಾಯದೆ ಒಂದೊಂದೇ ಕೀಲಿಯನ್ನು ಓದುತ್ತದೆ. ಕ್ರಮವಿಧಿಯ ಕೊನೆಗೆ ಫಲಿತಾಂಶ ಪರದೆಯ ಮೇಲೆ ನಿಲ್ಲಲೆಂದು ಗೆಟ್‌ಚ್ ಬರೆಯುವುದು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿಹೋಯಿತು. ಆದರೆ ಈ ಶೀರ್ಷಿಕೆ ಕಡತವಾಗಲೀ ಈ ಉತ್ಪನ್ನವಿಧಿಯಾಗಲೀ 1989ರ ಅಮೆರಿಕನ್ ಮಾನಕದಲ್ಲಿ ಇಲ್ಲ, ಅನಂತರದ ಅಂತರರಾಷ್ಟ್ರೀಯ ಮಾನಕಗಳಲ್ಲಿಯೂ ಇಲ್ಲ. ಲಿನಕ್ಸ್‌ನಲ್ಲಿ ಇದೇ ಹೆಸರಿನ ಉತ್ಪನ್ನವಿಧಿ 'ಎನ್‌ಕರ್ಸಸ್' ಎಂಬ ಬೇರೊಂದು ಸಂಗ್ರಹಕ್ಕೆ ಸೇರಿದ್ದು. ಅದರ ನಡವಳಿಕೆಯೂ ಬೇರೆ. ಟರ್ಬೊ ಸಿಯಲ್ಲಿ ಸಿದ್ಧವಾದ ಕ್ರಮವಿಧಿ ಲಿನಕ್ಸ್ ಯಂತ್ರದಲ್ಲಿ ಅನುವಾದಗೊಳ್ಳದೆ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ. ಕನ್ನಡದ ಮಟ್ಟಿಗಂತೂ ಡಾಸ್ ಪರದೆಯ ಟರ್ಬೊ ಸಿಗೆ ಯುನಿಕೋಡ್‌ನ ಪರಿಚಯವೇ ಇಲ್ಲ.

ಕೀಲಿಯೊಂದನ್ನು ತಕ್ಷಣ ಓದಲು ಪ್ರಮಾಣಬದ್ಧ ಸಿ ಭಾಷೆಯಲ್ಲಿ ಯಾವ ಸಾಧನವೂ ಇಲ್ಲ. ಆದುದರಿಂದ 'ಮುಂದುವರಿಯಲು ಎಂಟರ್ ಒತ್ತಿರಿ' ಎಂದು ಕೇಳುವುದೇ ಯಂತ್ರನಿರಪೇಕ್ಷವಾದ ಮಾರ್ಗ. ಅನಿವಾರ್ಯವಾದಲ್ಲಿ ಆ ಭಾಗವನ್ನಷ್ಟೇ ಪ್ರತ್ಯೇಕ ಕಡತದಲ್ಲಿ ಬರೆದು, ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಇನ್ನೊಂದು ಎಂದು ಇಟ್ಟುಕೊಳ್ಳಬೇಕು. ಉಳಿದ ಕ್ರಮವಿಧಿಗೆ ಆ ವ್ಯತ್ಯಾಸ ತಿಳಿಯಬಾರದು.

3. ಗೆಟ್‌ಚಾರ್ ಮತ್ತು ಇಂಟ್

ಪ್ರಮಾಣಬದ್ಧವಾದ 'ಗೆಟ್‌ಚಾರ್' ಪ್ರತಿಸಲವೂ ಒಂದು ಬೈಟನ್ನು ತಂದುಕೊಡುತ್ತದೆ. 'ಕ' ಎಂದು ಬರೆದು ಎಂಟರ್ ಒತ್ತಿದರೆ ಅದನ್ನು ನಾಲ್ಕು ಬಾರಿ ಕರೆಯಬೇಕಾಗುತ್ತದೆ: 224, 178, 149, ಕೊನೆಗೆ ಸಾಲಿನ ಅಂತ್ಯವನ್ನು ಸೂಚಿಸುವ 10. ದತ್ತಾಂಶ ಮುಗಿದಾಗ ಅದು 'ಇಒಎಫ್' ಎಂಬ ಋಣಸಂಖ್ಯೆಯನ್ನು ಕೊಡುತ್ತದೆ. ಸಾಮಾನ್ಯವಾಗಿ ಇದು -1. ಗೆಟ್‌ಚಾರ್ ಎಂಬ ಹೆಸರಿನಲ್ಲಿ 'ಚಾರ್' ಇದ್ದರೂ ಅದು ಹಿಂದಿರುಗಿಸುವ ಮೌಲ್ಯದ ಪ್ರಕಾರ 'ಇಂಟ್', ಅಂದರೆ ಪೂರ್ಣಾಂಕ. ಬೈಟ್‌ಗೆ 0ಯಿಂದ 255ರವರೆಗೆ 256 ಮೌಲ್ಯಗಳು ಸಾಧ್ಯ. ಇಒಎಫ್ ಇವೆಲ್ಲವಕ್ಕಿಂತ ಭಿನ್ನವಾದ 257ನೆಯದು. ಅದಕ್ಕೆ ಒಂದು ಬೈಟಿನಲ್ಲಿ ಜಾಗವಿಲ್ಲ.

ಈ ಮೌಲ್ಯವನ್ನು ಚಾರ್‌ನಲ್ಲಿ ಇರಿಸಿದರೆ ಆಗುವ ಪರಿಣಾಮ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಚಾರ್ ಋಣಸಂಖ್ಯೆಯನ್ನು ಧರಿಸಬಲ್ಲದೋ ಇಲ್ಲವೋ ಎಂಬುದನ್ನು ಮಾನಕವು ಅನುವಾದಕ ತಂತ್ರಾಂಶಕ್ಕೆ ಬಿಟ್ಟಿದೆ. ಮೇಜಿನ ಮೇಲಿನ ಸಾಮಾನ್ಯ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಧರಿಸಬಲ್ಲದು. ಎಆರ್‌ಎಂ ಸಂಸ್ಕಾರಕದ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಧರಿಸದು. ಧರಿಸದ ಯಂತ್ರದಲ್ಲಿ -1 ಎಂಬುದು 255 ಆಗಿಬಿಡುವುದರಿಂದ ಕಡತ ಮುಗಿದುದು ತಿಳಿಯದೆ ಕ್ರಮವಿಧಿ ಕೊನೆಯಿಲ್ಲದೆ ಸುತ್ತುತ್ತದೆ. ಧರಿಸಬಲ್ಲ ಯಂತ್ರದಲ್ಲಿ ಇದಕ್ಕೆ ವಿರುದ್ಧವಾಗಿ, 255 ಎಂಬ ಸಾಚಾ ಬೈಟ್ ಬಂದರೆ ದತ್ತಾಂಶ ಮುಗಿಯಿತೆಂದು ಭಾವಿಸಿ ನಡುವೆಯೇ ನಿಲ್ಲುತ್ತದೆ. ಯುಟಿಎಫ್-8ರಲ್ಲಿ 255 ಎಂದೂ ಬರುವುದಿಲ್ಲ. ಆದರೆ ಎಂಟು ಬಿಟ್‌ಗಳ ಬೇರೆ ಸಂಕೇತಕ್ರಮಗಳಲ್ಲಿ ಬರಬಹುದು.

ಕನ್ನಡಕ್ಕೆ ಇನ್ನೂ ಹತ್ತಿರದ ಅಪಾಯವೊಂದಿದೆ. ಋಣಸಂಖ್ಯೆಯನ್ನು ಧರಿಸುವ ಚಾರ್‌ನಲ್ಲಿ 'ಕ' ವರ್ಣದ ಮೂರು ಬೈಟ್‌ಗಳು -32, -78, -107 ಎಂದು ಕಾಣುತ್ತವೆ. ಆಗ '127ಕ್ಕಿಂತ ಹೆಚ್ಚೇ?' ಎಂಬ ಪರೀಕ್ಷೆ ಎಂದಿಗೂ ನಿಜವಾಗದು. ಅಕ್ಷರ, ಅಂಕಿ, ಖಾಲಿಸ್ಥಳಗಳನ್ನು ಗುರುತಿಸುವ ಪ್ರಮಾಣಬದ್ಧ ಉತ್ಪನ್ನವಿಧಿಗಳಿಗೆ ಇಂತಹ ಋಣಸಂಖ್ಯೆಯನ್ನು ಕೊಟ್ಟರೆ ಫಲಿತಾಂಶವೇನೆಂದು ಮಾನಕ ನಿರ್ಧರಿಸಿಲ್ಲ. ಇಂಗ್ಲಿಷ್ ಪಠ್ಯದಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಕ್ರಮವಿಧಿ ಕನ್ನಡದ ಮೊದಲ ಅಕ್ಷರಕ್ಕೇ ಎಡವುವುದು ಈ ಕಾರಣದಿಂದ. ಪರಿಹಾರ ಸರಳ: ಗೆಟ್‌ಚಾರ್‌ನ ಮೌಲ್ಯವನ್ನು ಇಂಟ್‌ನಲ್ಲಿ ಇರಿಸಬೇಕು, ಮೊದಲು ಇಒಎಫ್ ಹೌದೇ ಎಂದು ನೋಡಬೇಕು, ಅಲ್ಲವೆಂದಾದ ಮೇಲೆಯೇ ಅದನ್ನು ಬೈಟೆಂದು ಪರಿಗಣಿಸಬೇಕು. ಸ್ವೀಕಾರ ಮತ್ತು ಹೋಲಿಕೆಗಳನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಸ್ವೀಕಾರದ ಭಾಗವನ್ನು ಆವರಣದೊಳಗೆ ಇಡುವುದು ಅಗತ್ಯ. ಇಲ್ಲವಾದರೆ ಹೋಲಿಕೆ ಮೊದಲು ನಡೆದು, ಅಕ್ಷರದ ಬದಲಿಗೆ 0 ಅಥವಾ 1 ಮಾತ್ರ ಉಳಿಯುತ್ತದೆ.

4. ಸಾಲನ್ನು ಓದುವ ಬಗೆ

ಹೆಸರುಗಳನ್ನು ಓದಲು ಪ್ರಾರಂಭಿಕರು ಸಾಮಾನ್ಯವಾಗಿ ಬಳಸುವುದು 'ಸ್ಕ್ಯಾನ್‌ಎಫ್' ಎಂಬುದನ್ನು. ಪದವನ್ನು ಓದುವಾಗ ಅದು ಖಾಲಿಸ್ಥಳ ಬಂದೊಡನೆ ನಿಲ್ಲುತ್ತದೆ. ಹಡಗಲಿಯ ಪೂರ್ಣ ಹೆಸರು 'ಹೂವಿನ ಹಡಗಲಿ'. ಇದನ್ನು ಎರಡು ಪದಗಳಾಗಿ ಬರೆದರೆ ಸ್ಕ್ಯಾನ್‌ಎಫ್ ಓದುವುದು 'ಹೂವಿನ' ಎಂಬುದನ್ನು ಮಾತ್ರ. 'ಹಡಗಲಿ' ಪ್ರವಾಹದಲ್ಲಿಯೇ ಉಳಿದು, ಮುಂದಿನ ಊರಿನ ಸ್ಥಾನದಲ್ಲಿ ದಾಖಲಾಗುತ್ತದೆ. ಅಲ್ಲಿಂದ ಮುಂದೆ ಪಟ್ಟಿಯ ಪ್ರತಿಯೊಂದು ಹೆಸರೂ ಒಂದು ಸ್ಥಾನ ಕೆಳಗೆ ಜಾರುತ್ತದೆ.

ಕ್ರಮಸಂಖ್ಯೆಯನ್ನು ಸ್ಕ್ಯಾನ್‌ಎಫ್‌ನಿಂದ ಓದಿ, ಅನಂತರ ಹೆಸರನ್ನು ಸಾಲಾಗಿ ಓದಲು ಹೋದಾಗ ಹೆಸರು ಬರಿದಾಗಿ ಬರುವುದು ಇನ್ನೊಂದು ಸಾಮಾನ್ಯ ಅನುಭವ. ಸಂಖ್ಯೆಯ ಬಳಿಕ ಒತ್ತಿದ ಎಂಟರ್ ಪ್ರವಾಹದಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ಅದನ್ನು ತೊಲಗಿಸಲು ಪ್ರಾರಂಭಿಕರು 'ಎಫ್‌ಫ್ಲಶ್' ಬಳಸುವುದುಂಟು. ಮಾನಕವು ಎಫ್‌ಫ್ಲಶ್‌ಗೆ ಅರ್ಥ ಹೇಳಿರುವುದು ಹೊರಹರಿವಿನ ಪ್ರವಾಹಗಳಿಗೆ ಮಾತ್ರ. ಕೀಲಿಮಣೆಯ ಒಳಹರಿವಿಗೆ ಅದು ಒಂದು ಅನುವಾದಕದಲ್ಲಿ ಕೆಲಸ ಮಾಡಿ ಮತ್ತೊಂದರಲ್ಲಿ ಮಾಡದಿರಬಹುದು. ಸಂಖ್ಯೆಯನ್ನೂ ಹೆಸರನ್ನೂ ಪೂರ್ಣ ಸಾಲುಗಳಾಗಿಯೇ ಓದಿ, ಆಮೇಲೆ ಸಾಲಿನೊಳಗಿಂದ ಸಂಖ್ಯೆಯನ್ನು ಬಿಡಿಸಿಕೊಳ್ಳುವುದು ಎಲ್ಲ ಯಂತ್ರಗಳಲ್ಲಿಯೂ ನಿಲ್ಲುವ ಕ್ರಮ.

ಸಾಲನ್ನು ಓದಲು ಹಿಂದೆ ಬಳಕೆಯಲ್ಲಿದ್ದ 'ಗೆಟ್ಸ್' ಸ್ಥಳದ ಮಿತಿಯನ್ನು ಅರಿಯದ ಕಾರಣ 2011ರ ಮಾನಕದಿಂದ ಅದನ್ನು ತೆಗೆದುಹಾಕಲಾಯಿತು. ಅದರ ಬದಲು 'ಎಫ್‌ಗೆಟ್ಸ್' ಬಳಸಬೇಕು. ಆದರೆ ಇಲ್ಲಿಯೂ ಕನ್ನಡಕ್ಕೆ ವಿಶಿಷ್ಟವಾದ ಎಚ್ಚರ ಅಗತ್ಯ. ಊರ ಹೆಸರಿಗೆ ಇಪ್ಪತ್ತು ಸ್ಥಾನಗಳು ಧಾರಾಳ ಎಂದುಕೊಂಡು 20 ಚಾರ್‌ಗಳ ಸರಣಿಯನ್ನು ಘೋಷಿಸಿದರೆ ಎಫ್‌ಗೆಟ್ಸ್ ಗರಿಷ್ಠ 19 ಬೈಟ್‌ಗಳನ್ನು ಓದುತ್ತದೆ; ಕೊನೆಯ ಸ್ಥಾನ ಪದಾಂತ್ಯದ ಶೂನ್ಯಕ್ಕೆ ಮೀಸಲು. ಹಡಗಲಿಗೆ 15 ಬೈಟ್, ಸಾಲಿನ ಅಂತ್ಯಕ್ಕೆ 1, ಶೂನ್ಯಕ್ಕೆ 1, ಒಟ್ಟು 17. ಅದು ಸರಿಯಾಗಿ ಕೂರುತ್ತದೆ. ಉಳಿದ ನಾಲ್ಕು ಹೆಸರುಗಳಲ್ಲಿ ಒಂದೂ ಕೂರುವುದಿಲ್ಲ. 19 ಬೈಟ್‌ಗಳೆಂದರೆ ಆರು ಸಂಕೇತಗಳು ಮತ್ತು ಏಳನೆಯದರ ಮೂರನೆಯ ಒಂದು ಭಾಗ. ಹೀಗಾಗಿ ಹಗರಿಬೊಮ್ಮನಹಳ್ಳಿ 'ಹಗರಿಬೊ' ಎಂದೂ, ಕೂಡ್ಲಿಗಿ 'ಕೂಡ್ಲಿ' ಎಂದೂ, ಕೊಟ್ಟೂರು 'ಕೊಟ್ಟೂ' ಎಂದೂ, ಹರಪನಹಳ್ಳಿ 'ಹರಪನಹಳ' ಎಂದೂ ತುಂಡಾಗಿ, ಪ್ರತಿಯೊಂದರ ಕೊನೆಯಲ್ಲಿ 224 ಎಂಬ ಅನಾಥ ಬೈಟ್ ಅಂಟಿಕೊಳ್ಳುತ್ತದೆ. ಉಳಿದ ಬೈಟ್‌ಗಳು ಮುಂದಿನ ಓದಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಹೊರಬೀಳುತ್ತವೆ. ಹಡಗಲಿಯೊಂದನ್ನೇ ಊಡಿಸಿ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸದು.

ಆದ್ದರಿಂದ ಸರಣಿಯ ಗಾತ್ರವನ್ನು ನಿರ್ಧರಿಸುವಾಗ ಅಕ್ಷರಗಳನ್ನಲ್ಲ, ಸಂಕೇತಗಳನ್ನು ಎಣಿಸಿ ಮೂರರಿಂದ ಗುಣಿಸಬೇಕು. ಧಾರಾಳವಾಗಿ 256 ಎಂದಿಟ್ಟುಕೊಂಡರೂ ಓದಿದ ಮೇಲೆ ಕೊನೆಯಲ್ಲಿ 10 ಎಂಬ ಬೈಟ್ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಸಾಲು ಪೂರ್ಣವಾಗಿಲ್ಲ, ಅಥವಾ ಅದು ಕಡತದ ಕಟ್ಟಕಡೆಯ ಸಾಲು. ಅಪೂರ್ಣವಾದ ಸಾಲನ್ನು ಕ್ರಮವಿಧಿಯು ಬಳಕೆದಾರರಿಗೆ ತಿಳಿಸಬೇಕೇ ಹೊರತು ಮೌನವಾಗಿ ಮುಂದುವರಿಯಬಾರದು. ವಿಂಡೋಸ್‌ನಲ್ಲಿ ಸಿದ್ಧವಾದ ಕಡತವನ್ನು ಲಿನಕ್ಸ್‌ನಲ್ಲಿ ಓದುವಾಗ 10ರ ಹಿಂದೆ 13 ಎಂಬ ಬೈಟೂ ಇರುತ್ತದೆ, ಎರಡನ್ನೂ ತೆಗೆಯಬೇಕು. ಕೆಲವು ಸಂಪಾದಕ ತಂತ್ರಾಂಶಗಳು ಕಡತದ ಆರಂಭದಲ್ಲಿ 239, 187, 191 ಎಂಬ ಮೂರು ಗುರುತಿನ ಬೈಟ್‌ಗಳನ್ನು ಸೇರಿಸುತ್ತವೆ. ಅವನ್ನು ಬಿಟ್ಟುಬಿಡದಿದ್ದರೆ ಪಟ್ಟಿಯ ಮೊದಲ ಊರು ಮಾತ್ರ ಯಾವ ಹುಡುಕಾಟಕ್ಕೂ ಸಿಗದೆ ಉಳಿಯುತ್ತದೆ.

5. ಬೈಟ್‌ನಿಂದ ಅಕ್ಷರಕ್ಕೆ

ಸಾಲು ಪೂರ್ಣವಾಗಿ ಕೈಸೇರಿದ ಮೇಲೆ ಅದರಿಂದ ಸಂಕೇತಗಳನ್ನೂ ಅಕ್ಷರಗಳನ್ನೂ ಬಿಡಿಸುವುದು ಕಷ್ಟವಲ್ಲ. ಯುಟಿಎಫ್-8ರಲ್ಲಿ 128ರಿಂದ 191ರವರೆಗಿನ ಬೈಟ್‌ಗಳು ಯಾವಾಗಲೂ ಹಿಂದಿನದರ ಮುಂದುವರಿಕೆ. ಅವನ್ನು ಬಿಟ್ಟು ಉಳಿದ ಬೈಟ್‌ಗಳನ್ನು ಎಣಿಸಿದರೆ ಸಂಕೇತಗಳ ಸಂಖ್ಯೆ ಸಿಗುತ್ತದೆ. ಅಕ್ಷರಗಳ ಎಣಿಕೆಗೆ ಇನ್ನೊಂದು ನಿಯಮ ಸಾಕು: ಸ್ವರ ಅಥವಾ ವ್ಯಂಜನ ಬಂದಾಗ ಹೊಸ ಅಕ್ಷರ ಆರಂಭವಾಗುತ್ತದೆ; ಅದರ ಹಿಂದಿನ ಸಂಕೇತ ವಿರಾಮವಾಗಿದ್ದರೆ ಮಾತ್ರ ಅದು ಒತ್ತಕ್ಷರವಾಗಿ ಹಿಂದಿನದಕ್ಕೆ ಸೇರುತ್ತದೆ. ಸ್ವರಗಳು 3205ರಿಂದ 3220ರವರೆಗೆ, ವ್ಯಂಜನಗಳು 3221ರಿಂದ 3257ರವರೆಗೆ ಇವೆ. ಹಳಗನ್ನಡದ 'ಱ' ಈ ವ್ಯಾಪ್ತಿಯೊಳಗೇ ಇದೆ. 'ೞ' ಮಾತ್ರ 3294ರಲ್ಲಿ ಪ್ರತ್ಯೇಕವಾಗಿದೆ. ಹಳಗನ್ನಡ ಕಾವ್ಯಗಳ ಪಠ್ಯವನ್ನು ಎಣಿಸುವವರು ಇದನ್ನು ಮರೆಯಬಾರದು. 'ಪೇೞ್' ಎಂಬಂತಹ ವ್ಯಂಜನಾಂತ ರೂಪಗಳಲ್ಲಿ ಕೊನೆಯ ವ್ಯಂಜನವನ್ನು ಈ ನಿಯಮ ಒಂದು ಅಕ್ಷರವೆಂದು ಎಣಿಸುತ್ತದೆ. ಛಂದಸ್ಸಿನ ಲೆಕ್ಕಕ್ಕೆ ಅದನ್ನು ಕಳೆಯಬೇಕು. ಈ ತೀರ್ಮಾನವನ್ನು ಗಣಕವಿಜ್ಞಾನಿಗಿಂತ ಕನ್ನಡ ಅಧ್ಯಾಪಕರೇ ಮಾಡಬೇಕಾಗುತ್ತದೆ.

ಹೋಲಿಕೆಯ ಪ್ರಶ್ನೆಯೂ ಇಲ್ಲಿದೆ. 'ಕೊಟ್ಟೂರು' ಎಂಬುದರ ಮೊದಲ ಅಕ್ಷರದಲ್ಲಿರುವ ಒಕಾರದ ಚಿಹ್ನೆಗೆ 3274 ಎಂಬ ಒಂದೇ ಸಂಕೇತವಿದೆ. ಅದನ್ನೇ ಎತ್ವ 3270 ಮತ್ತು ಊತ್ವ 3266 ಎಂದು ಬಿಡಿಸಿ ಬರೆಯಲೂ ಸಾಧ್ಯ. ಯುನಿಕೋಡ್ ಪ್ರಕಾರ ಇವೆರಡೂ ಸಮಾನ. ಪರದೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಹೆಸರಿಗೆ 24 ಬೈಟ್, ಎರಡನೆಯದರಲ್ಲಿ 27. ಬೈಟ್‌ಗಳನ್ನು ಹೋಲಿಸುವ ಕ್ರಮವಿಧಿಗೆ ಇವು ಎರಡು ಬೇರೆ ಊರುಗಳು. ಹಗರಿಬೊಮ್ಮನಹಳ್ಳಿಯ 'ಬೊ' ಅಕ್ಷರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡದಲ್ಲಿ ಹೀಗೆ ಬಿಡಿಸಬಹುದಾದ ಗುಣಿತಚಿಹ್ನೆಗಳು ಐದು: ಈತ್ವ, ಏತ್ವ, ಐತ್ವ, ಒತ್ವ ಮತ್ತು ಓತ್ವ. ಪಟ್ಟಿಗಳನ್ನು ಒಂದುಗೂಡಿಸುವ ಮೊದಲು ಈ ಐದನ್ನೂ ಒಂದೇ ರೂಪಕ್ಕೆ ತರುವುದು ಅವಶ್ಯ.

ಪ್ರಾಚೀನವೆನಿಸಿದ ಕಡತಗಳ ವಿಷಯ ಬೇರೆ. ಹಿಂದಿನ ನುಡಿ, ಬರಹ ತಂತ್ರಾಂಶಗಳ ಫಾಂಟ್ ಆಧಾರಿತ ಕಡತಗಳಲ್ಲಿ ಒಂದೊಂದು ಬೈಟ್ ಅಕ್ಷರದ ಒಂದೊಂದು ಆಕಾರವನ್ನು, ಎಂದರೆ ಒತ್ತು, ಕೊಂಬು, ತಲೆಕಟ್ಟು ಸಹಿತವಾದ ರೂಪ ಮುಂತಾದುವನ್ನು ಸೂಚಿಸುತ್ತದೆ. ಅವುಗಳಿಗೆ ಮೇಲಿನ ನಿಯಮಗಳು ಅನ್ವಯಿಸುವುದಿಲ್ಲ. ಅಂತಹ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಂಡು ಆಮೇಲೆ ಎಣಿಕೆಗೆ ತೊಡಗಬೇಕು.

ಬೈಟ್‌ಗಳ ಜಂಜಾಟವೇ ಬೇಡವೆನ್ನುವವರಿಗೆ 1995ರ ತಿದ್ದುಪಡಿಯಲ್ಲಿ ಸಿ ಮಾನಕವು ವಿಶಾಲ ಅಕ್ಷರಗಳ ಉತ್ಪನ್ನವಿಧಿಗಳನ್ನು ಒದಗಿಸಿತು. ಕ್ರಮವಿಧಿಯ ಆರಂಭದಲ್ಲಿ 'ಸೆಟ್‌ಲೊಕೇಲ್' ಮೂಲಕ ಸ್ಥಳೀಯ ಭಾಷಾನೆಲೆಯನ್ನು ಸ್ಥಾಪಿಸಿ, 'ಗೆಟ್‌ಡಬ್ಲ್ಯುಚಾರ್' ಬಳಸಿದರೆ ಲಿನಕ್ಸ್‌ನಲ್ಲಿ ಒಂದು ಕರೆಗೆ ಒಂದು ಸಂಕೇತ ದೊರೆಯುತ್ತದೆ. ಆದರೆ ಈ ವಿಶಾಲ ಅಕ್ಷರದ ಗಾತ್ರ ಲಿನಕ್ಸ್‌ನಲ್ಲಿ 32 ಬಿಟ್, ವಿಂಡೋಸ್‌ನಲ್ಲಿ 16 ಬಿಟ್. ಕನ್ನಡದ ಎಲ್ಲ ಸ್ಥಾನಗಳೂ 16 ಬಿಟ್‌ಗಳೊಳಗೆ ಇರುವುದರಿಂದ ಸದ್ಯಕ್ಕೆ ತೊಂದರೆಯಿಲ್ಲ. 2024ರ ಯುನಿಕೋಡ್ ಆವೃತ್ತಿಯಲ್ಲಿ ಸೇರ್ಪಡೆಯಾದ ತುಳು-ತಿಗಳಾರಿ ಲಿಪಿ ಮಾತ್ರ ಆ ಮಿತಿಯ ಹೊರಗಿದೆ. ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವರ ಕ್ರಮವಿಧಿ ಆ ಲಿಪಿಯನ್ನು ಮುಟ್ಟಿದಾಗ ವಿಂಡೋಸ್‌ನಲ್ಲಿ ಒಂದು ಸಂಕೇತ ಎರಡು ತುಂಡಾಗುತ್ತದೆ. ಒಂದು ಸಂಕೇತ ಒಂದು ಅಕ್ಷರವಲ್ಲವೆಂಬ ಮಾತಂತೂ ಇಲ್ಲಿಯೂ ಹಾಗೆಯೇ ಉಳಿಯುತ್ತದೆ: ಕೂಡ್ಲಿಗಿಗೆ ಎಂಟು ಕರೆಗಳು, ಅಕ್ಷರಗಳು ಮೂರು.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಾನಕದಲ್ಲಿಲ್ಲದ ಗೆಟ್‌ಚ್, ಮಾನಕದಿಂದ ಕೈಬಿಟ್ಟ ಗೆಟ್ಸ್, ಒಳಹರಿವಿಗೆ ಬಳಸುವ ಎಫ್‌ಫ್ಲಶ್ ಈ ಮೂರನ್ನೂ ಬೋಧನೆಯಲ್ಲಿ ದೂರವಿರಿಸಬೇಕು. ಗೆಟ್‌ಚಾರ್‌ನ ಮೌಲ್ಯ ಇಂಟ್‌ನಲ್ಲಿರಬೇಕು. ಓದುವುದು ಸಾಲಿನ ನೆಲೆಯಲ್ಲಿ, ಬಿಡಿಸುವುದು ಸಂಕೇತದ ನೆಲೆಯಲ್ಲಿ, ಎಣಿಸುವುದು ಅಕ್ಷರದ ನೆಲೆಯಲ್ಲಿ ನಡೆಯಬೇಕು. ವಿದ್ಯಾರ್ಥಿಗಳ ಕ್ರಮವಿಧಿಯನ್ನು ಪರೀಕ್ಷಿಸಲು ದೊಡ್ಡ ಸಾಮಗ್ರಿ ಬೇಕಿಲ್ಲ. ಹಡಗಲಿ, ನಡುವೆ ಖಾಲಿಸ್ಥಳವಿರುವ ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿ, ಎರಡು ಬಗೆಯಾಗಿ ಬರೆದ ಕೊಟ್ಟೂರು, ಒಂದು ಬರಿದಾದ ಸಾಲು, ಕೊನೆಯಲ್ಲಿ ಎಂಟರ್ ಇಲ್ಲದ ಹರಪನಹಳ್ಳಿ ಇಷ್ಟನ್ನು ಊಡಿಸಿದರೆ ಇಲ್ಲಿ ಹೇಳಿದ ಬಹುಪಾಲು ದೋಷಗಳು ಹೊರಬೀಳುತ್ತವೆ.

ಯಂತ್ರನಿರಪೇಕ್ಷತೆಯೆಂದರೆ ಒಂದು ಕ್ರಮವಿಧಿ ವಿಂಡೋಸ್‌ನಿಂದ ಲಿನಕ್ಸ್‌ಗೆ ತೊಡಕಿಲ್ಲದೆ ಸಾಗುವುದು ಎಂದಷ್ಟೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಸಾಗುವುದೂ ಅದರ ಭಾಗವೇ. ಎರಡಕ್ಕೂ ಬೇಕಾದ ಶಿಸ್ತು ಒಂದೇ: ಬೈಟನ್ನು ಅಕ್ಷರವೆಂದು ಭ್ರಮಿಸದಿರುವುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 'ಕುವೆಂಪು' ತಂತ್ರಾಂಶದ ಮೂಲಕ ತೋರಿಸಿದಂತೆ ಗಣಕದ ಕೆಲಸ ಕನ್ನಡ ವಿಭಾಗಗಳಿಗೆ ಹೊರತಾದುದಲ್ಲ. ಅಕ್ಷರವೆಂದರೇನು ಎಂಬ ಪ್ರಶ್ನೆಗೆ ಖಚಿತವಾದ ಉತ್ತರವನ್ನು ಗಣಕವಿಜ್ಞಾನದ ವಿದ್ಯಾರ್ಥಿಗೆ ಒದಗಿಸಬಲ್ಲವರು ಕನ್ನಡ ಅಧ್ಯಾಪಕರು. ಆ ಉತ್ತರ ಕ್ರಮವಿಧಿಯ ಮೊದಲ ಸಾಲಿನಿಂದಲೇ ಅನ್ವಯವಾದಾಗ ಹಡಗಲಿಗೆ ಸರಿಹೋದ ಕ್ರಮವಿಧಿ ಹಗರಿಬೊಮ್ಮನಹಳ್ಳಿಗೂ ಸರಿಹೋಗುತ್ತದೆ.